ಫೋನಿನ ಪೆಟ್ಟಿಗೆಯ ಮೇಲೆ ಬ್ಯಾಟರಿಯ ಬೆಲೆಯನ್ನೂ ಮುದ್ರಿಸಲಿ

ಮಾನ್ಯ ಸಂಪಾದಕರೇ,

ಗಣೇಶ ಚತುರ್ಥಿಯಿಂದ ದೀಪಾವಳಿಯವರೆಗೆ ಪತ್ರಿಕೆಗಳ ಪುಟಗಳನ್ನು ತುಂಬುವ ‘ಹಳೆಯ ಫೋನ್ ತನ್ನಿ, ಹೊಸದನ್ನು ಒಯ್ಯಿರಿ’ ಎಂಬ ಜಾಹೀರಾತುಗಳನ್ನು, ಜಾಹೀರಾತಿಲ್ಲದೆ ಪತ್ರಿಕೆ ನಡೆಯದೆಂಬ ಅರಿವಿದ್ದೂ, ಈ ಬಾರಿ ಸ್ವಲ್ಪ ಸಿಟ್ಟಿನಿಂದಲೇ ಓದಿದೆ. ಆರು ವರ್ಷಗಳ ಹಿಂದೆ ಕೊಂಡ, ಪರದೆಯ ಮೇಲೆ ಒಂದು ಗೀರೂ ಇಲ್ಲದ ನನ್ನ ಫೋನಿಗೆ ಒಂದು ಬ್ಯಾಟರಿ ಹುಡುಕಿಕೊಂಡು ಅದೇ ದಿನಗಳಲ್ಲಿ ನಾನು ಮುಂಬಯಿ ಬಳಿಯ ಡೊಂಬಿವಲಿಯಿಂದ ಠಾಣೆಯವರೆಗೆ ಅಲೆಯುತ್ತಿದ್ದುದೇ ಅದಕ್ಕೆ ಕಾರಣ. ಆ ಅಲೆದಾಟದಲ್ಲಿ ತಿಳಿದುಬಂದ ಕೆಲವು ಸಂಗತಿಗಳನ್ನು ಓದುಗರಿಗೆ ತಿಳಿಸಿ, ಸರ್ಕಾರದ ಮುಂದೆ ಒಂದೇ ಒಂದು ಕೋರಿಕೆಯನ್ನಿಡಲು ಈ ಪತ್ರ ಬರೆಯುತ್ತಿದ್ದೇನೆ.

ಮೈಸೂರು ಅಸೋಸಿಯೇಶನ್ನಿನಲ್ಲಿ ನಡೆಯಲಿದ್ದ ಒಂದು ಕಾರ್ಯಕ್ರಮಕ್ಕೆಂದು ಡೊಂಬಿವಲಿಯಲ್ಲಿ ಆ್ಯಪ್‌ನಲ್ಲೇ ರಿಟರ್ನ್ ಟಿಕೆಟ್ ತೆಗೆದು, ಸ್ಲೋ ಲೋಕಲ್ ಹತ್ತಿ ಮಾಟುಂಗಾದಲ್ಲಿ ಇಳಿದಿದ್ದೆ. ಸೇತುವೆಯ ಮೆಟ್ಟಿಲ ಬುಡದಲ್ಲಿ ನಿಂತಿದ್ದ ಟಿ.ಸಿ. ಟಿಕೆಟ್ ಕೇಳಿದರು. ಫೋನಿನ ಮೂಲೆಯಲ್ಲಿ ಶೇ 34 ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ಟಿಕೆಟ್ ತೋರಿಸಲು ಬೆರಳೊತ್ತಿದ್ದೇ ತಡ, ಪರದೆ ಕಪ್ಪಾಯಿತು. ಪಕ್ಕದ ಗುಂಡಿಯನ್ನು ಎಷ್ಟು ಸಲ ಅದುಮಿ ಹಿಡಿದರೂ ಕಂಪನಿಯ ಲಾಂಛನ ಮೂಡುವುದು, ಆರಿಹೋಗುವುದು, ಇಷ್ಟೇ. ‘ಸಗಳೇ ಅಸಂಚ್ ಸಾಂಗತಾತ್, ಆಜಿ’ (ಎಲ್ಲರೂ ಹೀಗೇ ಹೇಳುವುದು, ಅಜ್ಜಿ) ಎಂದ ಆ ಟಿ.ಸಿ. ಹುಡುಗನ ದನಿಯಲ್ಲಿ ಒರಟುತನವೇನೂ ಇರಲಿಲ್ಲ. ಮೊಬೈಲಿನಲ್ಲಿರುವ ಟಿಕೆಟನ್ನು ತೋರಿಸಲಾಗದಿದ್ದರೆ ಅದು ಟಿಕೆಟ್‌ರಹಿತ ಪ್ರಯಾಣವೇ ಸರಿ ಎಂಬ ನಿಯಮ ನನಗೂ ಗೊತ್ತಿತ್ತು. 250 ರೂಪಾಯಿ ದಂಡ, ಅದರ ಮೇಲೆ ಟಿಕೆಟಿನ ದರ, ರಸೀದಿ. ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ಪ್ಲಾಟ್‌ಫಾರ್ಮಿನ ಮೇಲೆ ಟಿಕೆಟಿಲ್ಲದವಳಾಗಿ ನಿಂತದ್ದು ದಂಡಕ್ಕಿಂತ ಹೆಚ್ಚು ಚುಚ್ಚಿತು.

ಮೂರನೇ ಒಂದು ಪಾಲು ಚಾರ್ಜ್ ಉಳಿದಿರುವ ಫೋನ್ ಏಕೆ ಹೀಗೆ ಸಾಯುತ್ತದೆ? ನಮ್ಮ ಹಳೆಯ ಕಟ್ಟಡಗಳಲ್ಲಿ ವಾಸಿಸುವವರಿಗೆ ಇದನ್ನು ವಿವರಿಸುವುದು ಸುಲಭ. ಮೇಲಿನ ಟ್ಯಾಂಕಿನಲ್ಲಿ ನೀರಿದ್ದರೂ ಕೊಳವೆಯೊಳಗೆ ಸುಣ್ಣ ಕಟ್ಟಿದ್ದರೆ ಒಂದು ನಲ್ಲಿ ಹೇಗೋ ಹರಿಯುತ್ತದೆ. ಪಕ್ಕದವರು ಎರಡು ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿದರೆ ನಮ್ಮ ನಲ್ಲಿ ಬರೀ ಸುಸ್ಸೆನ್ನುತ್ತದೆ. ಫೋನಿನೊಳಗೆ ಆಗುವುದೂ ಇದೇ: ಲಿಥಿಯಂ ಅಯಾನ್ ಬ್ಯಾಟರಿಯ ಪ್ರತಿ ಚಾರ್ಜಿನಲ್ಲೂ ಅದರ ಗ್ರಾಫೈಟ್ ಭಾಗದ ಮೇಲೆ ಒಂದು ತೆಳುಪದರ ಬೆಳೆಯುತ್ತ ಹೋಗುತ್ತದೆ. ಅದು ಒಂದಿಷ್ಟು ಲಿಥಿಯಮನ್ನು ಶಾಶ್ವತವಾಗಿ ನುಂಗುವುದಲ್ಲದೆ ಒಳಗಿನ ತಡೆಯನ್ನೂ ಹೆಚ್ಚಿಸುತ್ತದೆ. ಕ್ಯಾಮೆರಾವೋ ಇಂಟರ್ನೆಟ್ಟೋ ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಎಳೆದಾಗ ಮುದಿ ಬ್ಯಾಟರಿಯ ವೋಲ್ಟೇಜ್ ಥಟ್ಟನೆ ಕುಸಿಯುತ್ತದೆ, ಫೋನ್ ತನ್ನ ರಕ್ಷಣೆಗಾಗಿ ತಾನೇ ಆಫ್ ಆಗುತ್ತದೆ. ಇಂಥ ಏಕಾಏಕಿ ಸಾವನ್ನು ತಪ್ಪಿಸಲು ಹಳೆಯ ಐಫೋನ್‌ಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸುತ್ತಿದ್ದೇವೆಂದು ಆ್ಯಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಾಗ ಲೋಕವೆಲ್ಲ ಗದ್ದಲವೆದ್ದಿತು. ಫೋನ್ ನಿಧಾನವಾಯಿತೆಂದು ಹೊಸದನ್ನು ಕೊಂಡವರಲ್ಲಿ ಎಷ್ಟೋ ಜನರಿಗೆ ಬ್ಯಾಟರಿಯೊಂದನ್ನು ಬದಲಿಸಿದ್ದರೆ ಸಾಕಿತ್ತೆಂಬುದು ಆಗಷ್ಟೇ ತಿಳಿಯಿತು.

ಸಾಮಾನ್ಯವಾಗಿ ಇಂಥ ಬ್ಯಾಟರಿ 500 ಪೂರ್ಣ ಚಾರ್ಜುಗಳ ನಂತರ ತನ್ನ ಮೂಲ ಸಾಮರ್ಥ್ಯದ ಶೇ 80ರಷ್ಟನ್ನು ಉಳಿಸಿಕೊಂಡರೆ ಸಾಕೆಂದು ಎಣಿಸಲಾಗುತ್ತಿತ್ತು. ಈಚಿನ ಕೆಲವು ಫೋನುಗಳಲ್ಲಿ ಇದು 1,000 ಎನ್ನುತ್ತಾರೆ. ಪೂರ್ಣ ಚಾರ್ಜ್ ಎಂದರೆ ಚಾರ್ಜರ್ ಚುಚ್ಚಿದ ಸಲಗಳ ಲೆಕ್ಕವಲ್ಲ. ಇಂದು ಅರ್ಧ, ನಾಳೆ ಅರ್ಧ ಬಳಸಿದರೆ ಎರಡೂ ಸೇರಿ ಒಂದು. ದಿನಕ್ಕೊಂದರಂತೆ ಹಿಡಿದರೆ 500 ಮುಗಿಯಲು ಒಂದೂವರೆ ವರ್ಷ ಸಾಕು. ಸೆಕೆ ಈ ಆಯುಷ್ಯವನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆಯಿದೆ: ಬೆಳಗಿನ ಅಡುಗೆಯ ಹೊತ್ತಿಗೆ ದಾಸರ ಪದಗಳನ್ನು ಕೇಳಲೆಂದು ಫೋನನ್ನು ಚಾರ್ಜಿಗೆ ಹಾಕಿ, ಇಡ್ಲಿ ಪಾತ್ರೆಯ ಪಕ್ಕದಲ್ಲೇ, ಬಿಸಿಲು ಬೀಳುವ ಕಿಟಕಿಯ ದಂಡೆಯ ಮೇಲಿಡುವುದು ನನ್ನ ಆರು ವರ್ಷದ ಅಭ್ಯಾಸ. ಅಷ್ಟು ಕಾಲ ಅದು ತಡೆದದ್ದೇ ಹೆಚ್ಚು.

ಅಧಿಕೃತ ಸೇವಾ ಕೇಂದ್ರವೊಂದಕ್ಕೆ ಹೋದೆ, ಹೆಸರು ಬೇಡ. ಟೋಕನ್ ಪಡೆದು ಮುಕ್ಕಾಲು ಗಂಟೆ ಕಾದ ಮೇಲೆ ಕೌಂಟರಿನ ತರುಣಿ ಫೋನನ್ನು ಕೈಯಲ್ಲಿ ಹಿಡಿಯದೆಯೇ ಮಾಡೆಲ್ ಸಂಖ್ಯೆಯನ್ನು ಕಂಪ್ಯೂಟರಿಗೆ ಊಡಿ, ಈ ಮಾಡೆಲ್ಲಿನ ಬ್ಯಾಟರಿ ಬರುವುದು ನಿಂತಿದೆ, ಎಕ್ಸ್‌ಚೇಂಜ್‌ನಲ್ಲಿ ಹೊಸದನ್ನು ತೆಗೆದುಕೊಳ್ಳುವುದು ಒಳ್ಳೆಯದು ಎಂದಳು. ಎಂದಿನಿಂದ ನಿಂತಿದೆ ಎಂದು ಕೇಳಿದೆ, ಗೊತ್ತಿಲ್ಲವೆಂದಳು. ಕೊಳ್ಳುವಾಗ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲವಲ್ಲ ಎಂದೆ. ಮುಂದಿನ ಟೋಕನ್ನಿನವರನ್ನು ಕರೆದಳು. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ, ಅವಳಿಗೆ ಕೊಟ್ಟಿರುವುದು ಅಷ್ಟೇ ಉತ್ತರ. ಬೇರೆ ಊರಿನ ಇನ್ನೊಂದು ಕೇಂದ್ರದಲ್ಲೂ ಅದೇ ಉತ್ತರ ಸಿಕ್ಕಿತು.

ಕೊನೆಗೆ ಕೈಹಿಡಿದದ್ದು ನಮ್ಮ ಸ್ಟೇಶನ್ ರಸ್ತೆಯಲ್ಲಿ ಪಾನ್ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ, ಒಬ್ಬ ಮನುಷ್ಯ ಮಾತ್ರ ಕೂರಬಹುದಾದಷ್ಟು ಜಾಗದಲ್ಲಿ ನಡೆಯುವ ಒಂದು ರಿಪೇರಿ ಅಂಗಡಿ. ಒಂದು ಸ್ಟೂಲ್ ಹಾಕಿ ಕೂರಿಸಿ, ಕಣ್ಣೆದುರೇ ಕೆಲಸ ಮಾಡಿದ ಆ ತರುಣನ ಕೈಚಳಕವನ್ನು ಬರೆಯದೆ ಇರಲಾರೆ. ಮೊದಲು ಫೋನನ್ನು ಆಫ್ ಮಾಡಿ ಸಿಮ್ ತೆಗೆದು ನನ್ನ ಕೈಗಿತ್ತ. ಬಿಸಿಹಲಗೆಯ ಮೇಲೆ ಫೋನನ್ನು ಮಲಗಿಸಿ ಹಿಂಬದಿಯ ಅಂಟು ಸಡಿಲವಾಗುವವರೆಗೆ ಕಾದ. ಹಳೆಯ ಸಿಮ್ ಕಾರ್ಡಿನ ಚೌಕಟ್ಟಿನಿಂದ ಕತ್ತರಿಸಿಕೊಂಡ ಪ್ಲಾಸ್ಟಿಕ್ ಚೂರನ್ನು ಅಂಚಿನೊಳಗೆ ತೂರಿಸಿ, ದೋಸೆಯ ಅಂಚನ್ನು ಬಿಡಿಸುವಂತೆ ಸುತ್ತಲೂ ಸರಿಸಿದ. ಮುಚ್ಚಳ ಎದ್ದೊಡನೆ ಪೂರ್ತಿ ಎಳೆಯದೆ ಪುಸ್ತಕದಂತೆ ಒಂದು ಬದಿಗೆ ತೆರೆದ. ಬೆರಳಚ್ಚು ಗುರುತಿಸುವ ಭಾಗದ ತಂತಿಪಟ್ಟಿ ಮುಚ್ಚಳಕ್ಕೆ ಅಂಟಿಕೊಂಡಿರುತ್ತದೆ, ಅವಸರಪಟ್ಟರೆ ಹರಿದುಹೋಗುತ್ತದೆ ಎಂದ. ಒಳಗೆ ನನ್ನ ಬ್ಯಾಟರಿ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿಕೊಂಡಿತ್ತು. ಬ್ಯಾಟರಿಯೊಳಗಿನ ದ್ರಾವಣ ಒಡೆದು ಹುಟ್ಟಿದ ಅನಿಲ ಅದರ ಚೀಲದಂಥ ಹೊದಿಕೆಯೊಳಗೆ ತುಂಬಿಕೊಂಡಾಗ ಹೀಗಾಗುತ್ತದೆ. ಅದನ್ನು ಮೊನಚಾದ ಲೋಹದ ಉಪಕರಣದಿಂದ ಮೀಟದೆ, ಅಂಟಿಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಇಳಿಸಿ, ತೆಳ್ಳನೆಯ ಪ್ಲಾಸ್ಟಿಕ್ಕಿನಿಂದ ನಿಧಾನವಾಗಿ ಎಬ್ಬಿಸಿದ. ತೂತಾದರೆ ಹೊಗೆ, ಹೊಗೆಯ ಹಿಂದೆ ಬೆಂಕಿ. ತನ್ನ ಹೆಬ್ಬೆರಳಿನ ಸುಟ್ಟ ಗಾಯದ ಗುರುತನ್ನು ತೋರಿಸಿ ನಕ್ಕ.

ಆದರೆ ಕೈಚಳಕ ಎಷ್ಟಿದ್ದರೇನು, ಹಾಕುವ ಬ್ಯಾಟರಿ ಎಂಥದು ಎಂಬುದೇ ಮುಖ್ಯ. ಅವನು ತೋರಿಸಿದ ಮೊದಲ ಬ್ಯಾಟರಿಯ ಮೇಲೆ ಸಾಮರ್ಥ್ಯ 5,000 ಎಂಎಎಚ್ ಎಂದು ಬರೆದಿತ್ತು. ನನ್ನ ಫೋನಿನೊಳಗಿನಿಂದ ಹೊರಬಂದದ್ದು 3,000ದ್ದು. ಅಳತೆಯೂ ದಪ್ಪವೂ ಒಂದೇ. ಮೂರು ಲೀಟರ್ ಹಿಡಿಯುವ ಪಾತ್ರೆಗೆ ಐದು ಲೀಟರ್ ಹಾಲು ಹೊಯ್ದೆನೆಂದು ಹಾಲಿನವನು ಹೇಳಿದರೆ ನಾವು ನಂಬುತ್ತೇವೆಯೇ? ಎರಡನೆಯದರ ಮೇಲೆ ತಯಾರಿಕೆಯ ತಿಂಗಳು ನಾಲ್ಕು ವರ್ಷ ಹಿಂದಿನದು. ಬಳಸದೆ ಇಟ್ಟರೂ ಈ ಬ್ಯಾಟರಿಗಳು ಒಳಗೊಳಗೇ ಹಳತಾಗುತ್ತವೆ. ಗೋದಾಮಿನ ಸೆಕೆಯಲ್ಲಿ ಪೂರ್ತಿ ಖಾಲಿಯಾಗಿ ಬಿದ್ದಿದ್ದರಂತೂ ‘ಹೊಸ’ ಬ್ಯಾಟರಿ ಎಂಬ ಮಾತಿಗೆ ಅರ್ಥವೇ ಇಲ್ಲ. ಮೂರನೆಯದಕ್ಕೆ ಎರಡು ದಿನ ಕಾಯಬೇಕೆಂದ, ಕಾದೆ.

ಓದುಗರು ಇಂಥ ಸಂದರ್ಭದಲ್ಲಿ ಮರೆಯದೆ ನೋಡಬೇಕಾದ ಒಂದು ಗುರುತಿದೆ. ಲಿಥಿಯಂ ಬ್ಯಾಟರಿಗಳು ನಮ್ಮ ದೇಶದಲ್ಲಿ ಐಎಸ್ 16046 ಎಂಬ ಮಾನಕದ ಪ್ರಕಾರ ಭಾರತೀಯ ಮಾನಕ ಬ್ಯೂರೋದಲ್ಲಿ ಕಡ್ಡಾಯವಾಗಿ ನೋಂದಣಿಯಾಗಿರಬೇಕು. ಬ್ಯಾಟರಿಯ ಮೇಲೆ ಮಾನಕದ ಚಿಹ್ನೆಯೊಡನೆ ‘ಆರ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಊಡಿದರೆ ಅದು ಯಾವ ತಯಾರಕರದೆಂಬುದು ತಿಳಿಯುತ್ತದೆ. ನಾನು ಭೂತಗನ್ನಡಿ ಹಿಡಿದು ಆ ಸಂಖ್ಯೆಯನ್ನು ಓದುತ್ತಿದ್ದುದನ್ನು ಕಂಡು ಪಾನ್ ಅಂಗಡಿಯವನು ‘ಇನ್‌ಕಮ್ ಟ್ಯಾಕ್ಸ್‌ನವರಾ?’ ಎಂದು ಹಿಂದಿಯಲ್ಲಿ ವಿಚಾರಿಸಿದ. ಹಾಗೆಯೇ, ಬ್ಯಾಟರಿ ಬದಲಿಸಲು ಫೋನಿನ ಪಾಸ್‌ವರ್ಡ್ ಯಾರಿಗೂ ಬೇಕಾಗುವುದಿಲ್ಲ. ಕೇಳಿದರೆ ಕೊಡಬೇಡಿ, ಕೆಲಸ ಮುಗಿದ ಮೇಲೆ ನೀವೇ ತೆರೆದು ನೋಡಿಕೊಳ್ಳಿ. ಕೂಲಿ ಸೇರಿ 1,100 ರೂಪಾಯಿ ಆಯಿತು. ಆ ಹಣವನ್ನು ಅದೇ ಫೋನಿನಿಂದ ಪಾವತಿಸಿದೆ.

ಹಳೆಯ ಫೋನ್ ಎಂದೆಂದಿಗೂ ನಡೆಯುತ್ತದೆಂದು ನಾನು ವಾದಿಸುತ್ತಿಲ್ಲ. ತಂತ್ರಾಂಶದ ಸುರಕ್ಷತಾ ಪರಿಷ್ಕರಣೆಗಳು ನಿಂತ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಅಪಾಯ. ಆಂಡ್ರಾಯ್ಡ್ 4.4ರ ಫೋನುಗಳಲ್ಲಿ 2025ರ ಜನವರಿಯಿಂದ ವಾಟ್ಸ್‌ಆ್ಯಪ್ ನಡೆಯುವುದಿಲ್ಲ. ಅಂಥ ಫೋನಿಗೆ ಸಾವಿರ ರೂಪಾಯಿಯ ಬ್ಯಾಟರಿ ಹಾಕಿ ಪ್ರಯೋಜನವೇನು? ಮತ್ತೆ, ಒಮ್ಮೆ ಬಿಚ್ಚಿ ಅಂಟಿಸಿದ ಫೋನಿಗೆ ಮೊದಲಿನ ಜಲನಿರೋಧಕ ಗುಣ ಉಳಿಯುತ್ತದೆಂದು ನಂಬುವಂತಿಲ್ಲ. ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ಓಡಾಡುವವರು ಇದನ್ನು ನೆನಪಿಡಬೇಕು. ಇವೆಲ್ಲವನ್ನೂ ತೂಗಿ ನೋಡಿ ನಿರ್ಧರಿಸುವ ಹಕ್ಕು ಫೋನಿನ ಒಡೆಯರದು. ಬ್ಯಾಟರಿಯೇ ಸಿಗದಂತೆ ಮಾಡಿದರೆ ತೂಗಿ ನೋಡುವುದಕ್ಕೆ ಏನು ಉಳಿಯಿತು?

2007ರ ಆಗಸ್ಟ್ ತಿಂಗಳನ್ನು ನಿಮ್ಮ ಹಿರಿಯ ಓದುಗರು ಮರೆತಿರಲಾರರು. ನೋಕಿಯಾ ಫೋನುಗಳ ಬಿಎಲ್-5ಸಿ ಬ್ಯಾಟರಿಗಳಲ್ಲಿ ಜಪಾನಿನ ಮತ್ಸುಶಿತಾ ತಯಾರಿಸಿದ 4.6 ಕೋಟಿ ಬ್ಯಾಟರಿಗಳು ಅತಿಯಾಗಿ ಬಿಸಿಯಾಗಬಹುದೆಂಬ ಎಚ್ಚರಿಕೆ ಬಂದು, ಊರಿಗೆ ಊರೇ ಫೋನಿನ ಹಿಂಬದಿಯನ್ನು ಬಿಚ್ಚಿ ಬ್ಯಾಟರಿಯ ಮೇಲಿನ ಸಂಖ್ಯೆಯನ್ನು ಓದುತ್ತ ಕುಳಿತಿತ್ತು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅಂದು ಪಾಠದ ಟಿಪ್ಪಣಿ ಬರೆದವರೇ ಇಲ್ಲ. ಗಾಬರಿ ಏನೇ ಇದ್ದರೂ ಪರಿಹಾರ ಸರಳವಾಗಿತ್ತು: ಹೆಬ್ಬೆರಳಿನಿಂದ ಮುಚ್ಚಳ ಜಾರಿಸಿ, ಕೆಟ್ಟ ಬ್ಯಾಟರಿ ಕೊಟ್ಟು ಒಳ್ಳೆಯದನ್ನು ಪಡೆದರಾಯಿತು. ಒಂಬತ್ತು ವರ್ಷಗಳ ನಂತರ, 2016ರಲ್ಲಿ, ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7ರ ಬ್ಯಾಟರಿಗಳು ಹೊತ್ತಿಕೊಂಡಾಗ ಬ್ಯಾಟರಿಯನ್ನಷ್ಟೇ ಹಿಂಪಡೆಯುವ ದಾರಿಯಿರಲಿಲ್ಲ. ಅದು ಫೋನಿನೊಳಗೆ ಮುಚ್ಚಿಹೋಗಿತ್ತು. ಸುಮಾರು 25 ಲಕ್ಷ ಫೋನುಗಳನ್ನು ವಾಪಸು ಕರೆದು, ಕೊನೆಗೆ ಆ ಮಾಡೆಲ್ಲನ್ನೇ ಕೈಬಿಡಬೇಕಾಯಿತು.

ಬ್ಯಾಟರಿಯನ್ನು ಅಂಟಿಸಿಡುವುದಕ್ಕೆ ಕಂಪನಿಗಳು ಕೊಡುವ ಕಾರಣಗಳು ಪೂರ್ತಿ ಸುಳ್ಳಲ್ಲ. ಗಟ್ಟಿ ಕವಚವಿಲ್ಲದ ಮೆತ್ತನೆಯ ಚೀಲದ ಬ್ಯಾಟರಿಯನ್ನು ಹಾಕಿದರೆ ಫೋನ್ ತೆಳುವಾಗುತ್ತದೆ, ಸಾಮರ್ಥ್ಯವೂ ಹೆಚ್ಚು ಸಿಗುತ್ತದೆ. ಆದರೆ ನೀರು ನುಗ್ಗದಂತಿರಲು ಅಂಟಿಸಲೇಬೇಕು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 2014ರ ಗ್ಯಾಲಕ್ಸಿ ಎಸ್5 ಫೋನಿನ ಹಿಂಬದಿಯನ್ನು ಉಗುರಿನಿಂದಲೇ ತೆಗೆಯಬಹುದಿತ್ತು, ಆದರೂ ಅದಕ್ಕೆ ಐಪಿ67 ದರ್ಜೆಯ ಜಲನಿರೋಧಕತೆ ಇತ್ತು. ಅದರ ಮರುವರ್ಷ ಬಂದ ಎಸ್6ರಲ್ಲಿ ಬ್ಯಾಟರಿ ಒಳಗೆ ಸೇರಿತು, ಜಲನಿರೋಧಕತೆಯೂ ಹೋಯಿತು.

ಯುರೋಪಿನ ಒಕ್ಕೂಟ ಈ ವಿಷಯದಲ್ಲಿ ಬಹಳ ಮುಂದೆ ಹೋಗಿದೆ. 2025ರ ಜೂನ್ 20ರಿಂದ ಅಲ್ಲಿ ಜಾರಿಯಲ್ಲಿರುವ ನಿಯಮದಂತೆ ಫೋನಿನ ಬ್ಯಾಟರಿ 800 ಪೂರ್ಣ ಚಾರ್ಜುಗಳ ನಂತರವೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳಬೇಕು. ಒಂದು ಮಾಡೆಲ್ಲಿನ ಮಾರಾಟ ನಿಂತ ಮೇಲೂ ಮುಖ್ಯ ಬಿಡಿಭಾಗಗಳು ಏಳು ವರ್ಷ ಸಿಗುತ್ತಿರಬೇಕು. 2027ರ ಫೆಬ್ರವರಿ 18ರಿಂದ, ಕೆಲವು ಅಪವಾದಗಳನ್ನು ಬಿಟ್ಟು, ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ಬದಲಿಸಿಕೊಳ್ಳುವಂತಿರಬೇಕು. ಅದೇ ಕಂಪನಿಗಳ ಅದೇ ಫೋನುಗಳು ನಮ್ಮಲ್ಲೂ ಮಾರಾಟವಾಗುತ್ತವೆ. ಅಲ್ಲಿನವರಿಗೆ ಏಳು ವರ್ಷ ಸಿಗುವ ಬ್ಯಾಟರಿ ಇಲ್ಲಿನವರಿಗೆ ಸಿಗಲಾರದೆಂಬುದಕ್ಕೆ ತಾಂತ್ರಿಕ ಕಾರಣವೇನೂ ಇರಲಾರದು.

ನಮ್ಮ ಸರ್ಕಾರವೂ ಸುಮ್ಮನೆ ಕುಳಿತಿಲ್ಲ ಎಂಬುದನ್ನು ಹೇಳಲೇಬೇಕು. ದುರಸ್ತಿಯ ಹಕ್ಕಿನ ಕುರಿತು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷ ಅದಕ್ಕೆಂದೇ ಜಾಲತಾಣವನ್ನು ತೆರೆಯಿತು. ಮೊಬೈಲ್ ಮತ್ತು ಇಲೆಕ್ಟ್ರಾನಿಕ್ ವಸ್ತುಗಳನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದೆಂಬುದಕ್ಕೆ ಅಂಕ ಕೊಡುವ ‘ದುರಸ್ತಿ ಸೂಚ್ಯಂಕ’ದ ಚೌಕಟ್ಟನ್ನು ಮತ್ತೊಂದು ಸಮಿತಿ 2025ರ ಮೇ ತಿಂಗಳಲ್ಲಿ ಇಲಾಖೆಗೆ ಒಪ್ಪಿಸಿದೆ. ಫ್ರಿಜ್ಜಿನ ಮೇಲಿನ ನಕ್ಷತ್ರಗಳಂತೆ ಫೋನಿಗೂ ಅಂಕ ಬರುವುದು ಒಳ್ಳೆಯದೇ. ಆದರೆ ಶಿಕ್ಷಕಿಯಾಗಿದ್ದ ನನಗೆ ಒಟ್ಟು ಅಂಕದ ಚಾಳಿ ಗೊತ್ತು: ಚಿತ್ರಕಲೆಯಲ್ಲೂ ಹಸ್ತಾಕ್ಷರದಲ್ಲೂ ಮುಂದಿದ್ದ ಮಗು ಗಣಿತದಲ್ಲಿ ತೀರ ಹಿಂದಿದ್ದರೂ ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ. ಪರದೆ ಸುಲಭವಾಗಿ ಸಿಗುತ್ತದೆ, ಕೈಪಿಡಿ ಚೆನ್ನಾಗಿದೆ ಎಂದು ನಾಲ್ಕು ಅಂಕ ಪಡೆದ ಫೋನಿನ ಬ್ಯಾಟರಿ ಮೂರೇ ವರ್ಷಕ್ಕೆ ಮಾರುಕಟ್ಟೆಯಿಂದ ಮಾಯವಾದರೆ ಆ ನಾಲ್ಕು ಅಂಕಗಳನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಪೊಟ್ಟಣದ ಸರಕುಗಳ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ತಿಂಗಳು-ವರ್ಷ, ದೂರು ಹೇಳಬೇಕಾದ ವಿಳಾಸ ಇವೆಲ್ಲ ಇರಬೇಕೆಂದು ಕಾನೂನು ಮಾಪನ ನಿಯಮಗಳು ಈಗಾಗಲೇ ಹೇಳುತ್ತವೆ. ಅದರ ಪಕ್ಕದಲ್ಲೇ ಫೋನಿನ ಪೆಟ್ಟಿಗೆಯ ಮೇಲೆ ಮತ್ತೆರಡು ಸಾಲುಗಳನ್ನು ಕಡ್ಡಾಯ ಮಾಡಲಿ: ಬ್ಯಾಟರಿಯನ್ನು ಬದಲಿಸಲು ಕೂಲಿ ಸೇರಿ ಇಂದಿಗೆ ಎಷ್ಟು ತಗಲುತ್ತದೆ, ಮತ್ತು ಯಾವ ವರ್ಷದವರೆಗೆ ಈ ಬ್ಯಾಟರಿ ಸಿಗುತ್ತದೆ. ಹನ್ನೆರಡು ಸಾವಿರದ ಫೋನಿಗೆ ನಾಲ್ಕು ಸಾವಿರದ ಬ್ಯಾಟರಿ ಎಂದು ಕೊಳ್ಳುವ ದಿನವೇ ಗೊತ್ತಾದರೆ ಗಿರಾಕಿ ಪಕ್ಕದ ಫೋನನ್ನು ನೋಡುತ್ತಾನೆ, ಕಂಪನಿಗಳು ತಾವಾಗಿಯೇ ಬೆಲೆ ಇಳಿಸುತ್ತವೆ. ಬರೆದ ವರ್ಷಕ್ಕೆ ಮೊದಲೇ ಬ್ಯಾಟರಿ ಇಲ್ಲವೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು ನಮ್ಮ ಕೈಯಲ್ಲಿ ಲಿಖಿತ ಆಧಾರವಿರುತ್ತದೆ. ನನ್ನಂತೆ ಕೌಂಟರಿನ ಮುಂದೆ ‘ಯಾರೂ ಹೇಳಿರಲಿಲ್ಲ’ ಎಂದು ಗೊಣಗಬೇಕಾಗುವುದಿಲ್ಲ.

ಇನ್ನೊಂದು ಮಾತು ಹಳೆಯ ಬ್ಯಾಟರಿಯದು. ಅಂಗಡಿಯ ತರುಣ ನನ್ನ ಉಬ್ಬಿದ ಬ್ಯಾಟರಿಯನ್ನು ಕಾಲಬುಡದ ರಟ್ಟಿನ ಡಬ್ಬಕ್ಕೆ ಎಸೆಯಹೊರಟಾಗ ನಾನೇ ಕೇಳಿ ಪಡೆದುಕೊಂಡೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿ ಮುಗಿದ ಬ್ಯಾಟರಿಯನ್ನು ಮನೆಯ ಕಸದೊಡನೆ ಬೆರೆಸಬಾರದು, ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಬ್ಯಾಟರಿಯ ಮೇಲಿನ, ಗೀಟು ಹೊಡೆದ ಕಸದ ತೊಟ್ಟಿಯ ಚಿತ್ರಕ್ಕೆ ಇದೇ ಅರ್ಥ. ಕಸದ ಲಾರಿಯೊಳಗೆ ಅದು ಜಜ್ಜಿಹೋದರೆ ಲಾರಿಗೇ ಬೆಂಕಿ ತಗಲಬಹುದು. ಸದ್ಯಕ್ಕೆ ಅದು ನಮ್ಮ ಬಾಲ್ಕನಿಯ ನೆರಳಿನಲ್ಲಿ, ಒಣ ಮರಳು ತುಂಬಿದ ಹಳೆಯ ತಗಡಿನ ಡಬ್ಬಿಯಲ್ಲಿ, ಅನಿಲ ಹೊರಹೋಗಲೆಂದು ಮುಚ್ಚಳವನ್ನು ಬಿಗಿ ಮಾಡದೆ ಇಟ್ಟ ಸ್ಥಿತಿಯಲ್ಲಿದೆ. ಮುಂಬಯಿ, ಠಾಣೆ, ನವಿ ಮುಂಬಯಿಯ ನಮ್ಮ ಕನ್ನಡ ಸಂಘಗಳು ವಾರ್ಷಿಕೋತ್ಸವದ ದಿನ ಸಭಾಂಗಣದ ಬಾಗಿಲಲ್ಲಿ ಇಂಥದೊಂದು ಮರಳಿನ ಡಬ್ಬಿಯನ್ನಿಟ್ಟು, ಸೇರಿದ ಬ್ಯಾಟರಿಗಳನ್ನು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಲು ಮುಂದಾದರೆ, ಮೊದಲ ಬ್ಯಾಟರಿಯನ್ನು ನಾನೇ ತರುತ್ತೇನೆ.

ಇಂತು ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ, ಡೊಂಬಿವಲಿ (ಪೂರ್ವ)